ಟಾಂಗನ್ಯಿಕಾ ಸರೋವರದ ತಾಪಮಾನ ಏರಿಕೆ ಮತ್ತು ಜೀವವೈವಿಧ್ಯ

ಟಾಂಗನ್ಯಿಕಾ ಪೂರ್ವ ಆಫ್ರಿಕದ ಬಿರುಕು ಕಣಿವೆಯಲ್ಲಿರುವ ಸಿಹಿನೀರಿನ ಸರೋವರ. ತಾಂಜಾನಿಯ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ಬುರುಂಡಿ ಮತ್ತು ಜಾಂಬಿಯ ದೇಶಗಳು ಇದನ್ನು ಹಂಚಿಕೊಂಡಿವೆ. ಸುಮಾರು 1,470 ಮೀಟರ್ ಆಳವಿರುವ ಇದು ಬೈಕಲ್‌ನ ನಂತರ ಜಗತ್ತಿನ ಎರಡನೆಯ ಅತಿ ಆಳದ ಸರೋವರ. ನೀರು ಬಿಸಿಯಾದಾಗ ಜಲ ಪರಿಸರ ವ್ಯವಸ್ಥೆಯ ಸ್ಥಿರತೆಗೆ ಏನಾಗುತ್ತದೆ ಎಂಬುದನ್ನು ತಿಳಿಯಲು ಈ ಸರೋವರವನ್ನು ವಿಜ್ಞಾನಿಗಳು ವಿಶೇಷವಾಗಿ ಅಧ್ಯಯನ ಮಾಡಿದ್ದಾರೆ.

ನೀರಿನ ಪದರಗಳು

ಸರೋವರದ ನೀರು ತಳದಿಂದ ಮೇಲ್ಮೈವರೆಗೆ ಪೂರ್ತಿಯಾಗಿ ಬೆರೆಯುವುದಿಲ್ಲ. ಮೇಲಿನ 100ರಿಂದ 200 ಮೀಟರ್‌ಗಳಲ್ಲಿ ಮಾತ್ರ ಆಮ್ಲಜನಕವಿದೆ. ಸತ್ತ ಜೀವಿಗಳು ಕೆಳಕ್ಕಿಳಿದು ಕೊಳೆಯುವುದರಿಂದ ರಂಜಕ, ಸಾರಜನಕ ಮೊದಲಾದ ಪೋಷಕಾಂಶಗಳು ಆಳದಲ್ಲಿಯೇ ಶೇಖರವಾಗುತ್ತವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಆಗ್ನೇಯ ಮಾರುತಗಳು ಮೇಲ್ಪದರದ ನೀರನ್ನು ಉತ್ತರಕ್ಕೆ ತಳ್ಳುತ್ತವೆ; ಆಗ ದಕ್ಷಿಣದ ತುದಿಯಲ್ಲಿ ಆಳದ ನೀರು ಮೇಲೇಳುತ್ತದೆ. ಅದರೊಂದಿಗೆ ಬರುವ ಪೋಷಕಾಂಶಗಳೇ ಸಸ್ಯಪ್ಲವಕಗಳಿಗೆ, ಅವುಗಳ ಮೂಲಕ ಮೀನುಗಳಿಗೆ ಆಧಾರ.

ಮೇಲಿನ ಮತ್ತು ಆಳದ ನೀರಿನ ಉಷ್ಣತೆಯ ಅಂತರ ಕೆಲವೇ ಡಿಗ್ರಿಗಳಷ್ಟು. ಆದರೆ ಬೆಚ್ಚನೆಯ ನೀರಿನ ಸಾಂದ್ರತೆಯು ಪ್ರತಿ ಡಿಗ್ರಿಗೆ ತಣ್ಣೀರಿಗಿಂತ ಹೆಚ್ಚು ಬದಲಾಗುತ್ತದೆ. ಹೀಗಾಗಿ ಮೇಲ್ಪದರವು ಅಲ್ಪವೇ ಬಿಸಿಯಾದರೂ ಪದರಗಳನ್ನು ಬೆರೆಸಲು ಗಾಳಿಯ ಶಕ್ತಿ ಸಾಲದೆ ಬರುತ್ತದೆ. ಭೌತವಿಜ್ಞಾನದ ಪರಿಭಾಷೆಯಲ್ಲಿ ಇದು ಜಲಸ್ತಂಭದ ‘ಸ್ಥಿರತೆ’ಯ ಹೆಚ್ಚಳ. ಹೆಸರು ಒಂದೇ ಆದರೂ ಜೀವಜಾಲದ ಸ್ಥಿರತೆ ಬೇರೆ: ಇಲ್ಲಿ ಮೊದಲನೆಯದು ಹೆಚ್ಚಿದಷ್ಟೂ ಎರಡನೆಯದು ಕುಂದುತ್ತದೆ.

ಅಧ್ಯಯನಗಳು

ಸರೋವರದ ಪ್ರಾಥಮಿಕ ಉತ್ಪಾದನೆಯು ಸುಮಾರು ಶೇ. 20ರಷ್ಟು ಕುಗ್ಗಿರಬಹುದು, ಅದರಿಂದ ಮೀನಿನ ಇಳುವರಿ ಸುಮಾರು ಶೇ. 30ರಷ್ಟು ಇಳಿಯಬಹುದು ಎಂದು ಕ್ಯಾಥರೀನ್ ಓ’ರೈಲಿ ಮತ್ತು ಸಂಗಡಿಗರು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಂದಾಜಿಸಿದರು. ಮೀನಿನ ಇಳಿಕೆಗೆ ಮೀನುಗಾರಿಕೆಯಲ್ಲಾದ ಬದಲಾವಣೆಗಳೇ ಕಾರಣವೆಂದು ವಾದಿಸಿದವರೂ ಇದ್ದಾರೆ. 2016ರಲ್ಲಿ ಆಂಡ್ರ್ಯೂ ಕೋಹೆನ್ ಮತ್ತು ಸಂಗಡಿಗರು ತಳದ ಕೆಸರಿನ ಪದರಗಳಲ್ಲಿ ಉಳಿದ ಮೀನಿನ ಅವಶೇಷಗಳನ್ನು ಪರೀಕ್ಷಿಸಿ, ಇಳಿಕೆಯು 20ನೆಯ ಶತಮಾನದ ಮಧ್ಯದಲ್ಲಿ ವಾಣಿಜ್ಯ ಮೀನುಗಾರಿಕೆ ಬೆಳೆಯುವ ಮೊದಲೇ ಆರಂಭವಾಗಿತ್ತೆಂದು ತೋರಿಸಿದರು. ಅವರು ಅಧ್ಯಯನ ಮಾಡಿದ ಪ್ರದೇಶಗಳಲ್ಲಿ ಆಮ್ಲಜನಕವುಳ್ಳ ತಳಭಾಗವು 1946ರಿಂದೀಚೆಗೆ ಶೇ. 38ರಷ್ಟು ಕಡಿಮೆಯಾಗಿತ್ತು.

ವೈವಿಧ್ಯದ ಹಂಚಿಕೆ

ಒಂದು ಪ್ರಭೇದ ಕುಗ್ಗಿದಾಗ ಅದರ ಕೆಲಸವನ್ನು ಮತ್ತೊಂದು ನಿರ್ವಹಿಸುವುದರಿಂದ ವೈವಿಧ್ಯವು ವ್ಯವಸ್ಥೆಗೆ ಸ್ಥಿರತೆ ನೀಡುತ್ತದೆ ಎಂಬುದು ಪರಿಸರ ವಿಜ್ಞಾನದ ಪ್ರಸಿದ್ಧ ವಿಚಾರ. ಟಾಂಗನ್ಯಿಕಾದಲ್ಲಿ ಸಿಕ್ಲಿಡ್ ಮೀನುಗಳೇ ಸುಮಾರು 250 ಪ್ರಭೇದಗಳಿದ್ದು, ಬಹುತೇಕ ಎಲ್ಲವೂ ಬೇರೆಲ್ಲಿಯೂ ಕಾಣಸಿಗವು. ಆದರೆ ಅವುಗಳಲ್ಲಿ ಹೆಚ್ಚಿನವು ದಡದ ಬಂಡೆ ಮತ್ತು ಮರಳಿನ ವಾಸಿಗಳು. ದಡದಿಂದ ದೂರದ ತೆರೆದ ನೀರಿನ ಆಹಾರ ಸರಪಳಿಯು ಮುಖ್ಯವಾಗಿ ಬೂತಾಯಿಯ ಬಳಗಕ್ಕೆ ಸೇರಿದ ಎರಡು ಸಣ್ಣ ಮೀನುಗಳು ಹಾಗೂ ಅವನ್ನು ತಿನ್ನುವ ಲೇಟಸ್ ಕುಲದ ನಾಲ್ಕು ಮೀನುಗಳ ಮೇಲೆ ನಿಂತಿದೆ. ತಾಂಜಾನಿಯದಲ್ಲಿ ‘ದಗಾ’, ಜಾಂಬಿಯದಲ್ಲಿ ‘ಕಪೆಂಟಾ’ ಎಂದು ಕರೆಯುವ ಈ ಸಣ್ಣ ಮೀನುಗಳು ಸುತ್ತಲಿನ ಜನರ ನಿತ್ಯದ ಆಹಾರ. ಆದ್ದರಿಂದ ಪ್ರಭೇದಗಳ ಒಟ್ಟು ಸಂಖ್ಯೆಯನ್ನಷ್ಟೇ ನೋಡಿ ಸರೋವರ ಸುಭದ್ರವೆಂದು ಎಣಿಸಲಾಗದು. ಇತ್ತ ಆಮ್ಲಜನಕದ ಗಡಿ ಮೇಲೇರಿದಂತೆ ತಳವಾಸಿಗಳ ನೆಲೆಯೂ ಕಿರಿದಾಗುತ್ತದೆ. ಕಾಡು ಕಡಿದ ಗುಡ್ಡಗಳಿಂದ ಹರಿದುಬರುವ ಹೂಳು ದಡದ ಬಂಡೆಗಳನ್ನು ಮುಚ್ಚುತ್ತಿದೆ.

ಮೀನುಗಳ ಚೇತರಿಕೆಗಾಗಿ 2024ರಲ್ಲಿ ತಾಂಜಾನಿಯವು ಮೇ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಸರೋವರದ ತನ್ನ ಭಾಗದಲ್ಲಿ ಮೀನುಗಾರಿಕೆಯನ್ನು ನಿಲ್ಲಿಸಿತ್ತು.