ಕಾದಂಬರಿಯಲ್ಲಿ ಕಂಡ ನೈಜೀರಿಯಾ

ಉತ್ತರ, ದಕ್ಷಿಣ ಪ್ರಾಂತಗಳನ್ನು ಕೂಡಿಸಿ ಬ್ರಿಟಿಷರು 1914ರಲ್ಲಿ ನೈಜೀರಿಯಾವನ್ನು ಒಂದಾಗಿಸಿದರು. ಹೌಸಾ, ಯೊರುಬಾ, ಇಗ್ಬೊ ಮೊದಲಾದ ನೂರಾರು ಜನಾಂಗಗಳು ಒಂದೇ ಆಡಳಿತಕ್ಕೆ ಬಂದವು. ‘ನಾವು ಯಾರು?’ ಎಂಬ ಪ್ರಶ್ನೆಗೆ ಅಲ್ಲಿನವರು ಕಾಲಕಾಲಕ್ಕೆ ಕಂಡುಕೊಂಡ ಉತ್ತರಗಳು ಕಾದಂಬರಿಗಳಲ್ಲಿ ಉಳಿದಿವೆ.

ಸ್ವಾತಂತ್ರ್ಯಕ್ಕೆ ಎರಡು ವರ್ಷ ಮುನ್ನ, 1958ರಲ್ಲಿ ಬಂದ ಚಿನುವಾ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’, ಬಿಳಿಯರು ಬರುವ ಮೊದಲೂ ಇಗ್ಬೊಗಳಿಗೆ ತಮ್ಮದೇ ನ್ಯಾಯ, ಧರ್ಮಗಳಿದ್ದವೆಂದು ತೋರಿಸಿತು. ಒಳಗಿನ ಕ್ರೌರ್ಯವನ್ನೂ ಮುಚ್ಚಿಡಲಿಲ್ಲ. 1966ರ ‘ಎ ಮ್ಯಾನ್ ಆಫ್ ದಿ ಪೀಪಲ್’ ಹೊತ್ತಿಗೆ ಕಟಕಟೆಯಲ್ಲಿ ನಿಂತವನು ಪರಕೀಯನಲ್ಲ, ಲಂಚಕೋರ ಸ್ವದೇಶಿ ಮಂತ್ರಿ. ಕಥೆ ಮುಗಿಯುವುದು ಸೇನಾ ದಂಗೆಯಲ್ಲಿ. ಪುಸ್ತಕ ಹೊರಬಂದ ಜನವರಿಯಲ್ಲೇ ನೈಜೀರಿಯಾದ ಸೇನೆ ನಿಜಕ್ಕೂ ದಂಗೆಯೆದ್ದಿತು.

ಮರುವರ್ಷ ಇಗ್ಬೊಗಳು ಹೆಚ್ಚಾಗಿದ್ದ ಪೂರ್ವ ಪ್ರಾಂತ ‘ಬಯಾಫ್ರಾ’ ಎಂದು ಬೇರೆಯಾಯಿತು. 1970ರ ಜನವರಿಯವರೆಗೆ ನಡೆದ ಯುದ್ಧದಲ್ಲಿ ಲಕ್ಷಾಂತರ ಮಂದಿ, ಬಹುಪಾಲು ಹಸಿವಿನಿಂದ, ಸತ್ತರು. ಆ ಗಾಯವನ್ನು ಹೊಸ ಪೀಳಿಗೆಯ ಮುಂದಿಟ್ಟವರಲ್ಲಿ ಮುಖ್ಯರು 1977ರಲ್ಲಿ ಹುಟ್ಟಿದ ಚಿಮಮಾಂಡಾ ಅಡೀಚಿ. ಅವರ ‘ಹಾಫ್ ಆಫ್ ಎ ಯೆಲ್ಲೋ ಸನ್’ (2006) ಹೆಸರು ಪಡೆದದ್ದು ಬಯಾಫ್ರಾ ಬಾವುಟದ ಅರ್ಧಸೂರ್ಯನಿಂದ.

ಸೋತವರ ಬಾವುಟವನ್ನು ಹೀಗೆ ನೆನೆಯುವುದು ದೇಶದ್ರೋಹವಲ್ಲ. ಒಟ್ಟಿಗೆ ಬಾಳಬೇಕಾದವರು ತಮ್ಮೊಳಗೆ ಸತ್ತವರ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ಸರ್ಕಾರಗಳು ಹಿಂಜರಿದಾಗ ಆ ಕೆಲಸ ಸಾಹಿತಿಯ ಪಾಲಿಗೆ ಬರುತ್ತದೆ.