ಇಪ್ಪತ್ತು ಸೆಂಟಿನ ನಗು

ಎರಡು ನಿಮಿಷದ ಹಾಡು. ನಡುನಡುವೆ ನಗು. ಹಲ್ಲುಕಿರಿಯೋ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಉಸಿರು ಕಟ್ಟಿ, ಮತ್ತೆ ಮೇಲೆದ್ದು ಬರೋ ನಗು. ಆದರೆ ರಾಗ ಬಿಡೋದಿಲ್ಲ, ತಾಳ ತಪ್ಪೋದಿಲ್ಲ. ಒಂದು ಸಲ ಹಾಡಿ ನಕ್ಕರೆ ಇಪ್ಪತ್ತು ಸೆಂಟು ಕೂಲಿ. ಅದೇ ಹಾಡನ್ನ, ಅದೇ ನಗುವನ್ನ, ಕೆಲವು ದಿನ ಐವತ್ತಕ್ಕೂ ಹೆಚ್ಚು ಸಲ ಆತ ನಕ್ಕಿದ್ದಾನೆ. ಹೆಸರು ಜಾರ್ಜ್ ವಾಷಿಂಗ್ಟನ್ ಜಾನ್ಸನ್. ಅಮೆರಿಕದಲ್ಲಿ ಮನುಷ್ಯನ ದನಿ ಸರಕಾಗಿ ಮಾರಾಟಕ್ಕೆ ಬಂದ ಶುರುವಿನಲ್ಲೇ, ಅಂದರೆ 1890ರಲ್ಲಿ, ರೆಕಾರ್ಡಿಗೆ ಹಾಡಿ ಹೆಸರಾದ ಮೊದಲ ಕಪ್ಪು ಗಾಯಕ ಈತ.

ನನಗೆ ಈತ ಸಿಕ್ಕಿದ್ದು ಹುಡುಕಿಕೊಂಡು ಹೋಗಿ ಅಲ್ಲ. ಇಂಗ್ಲೆಂಡಿನ ಒಂದು ಹಳೇ ತಮಾಷೆ ಹಾಡಿದೆ, 'ನಗುವ ಪೊಲೀಸಪ್ಪ' ಅನ್ನಬಹುದು. ಚಾರ್ಲ್ಸ್ ಪೆನ್‌ರೋಸ್ ಅನ್ನೋ ಬಿಳಿಯ ನಟ 1922ರಲ್ಲಿ ಹಾಡಿದ್ದು. ಅಲ್ಲಿನ ಮಕ್ಕಳು ತಲೆಮಾರುಗಟ್ಟಲೆ ಅದನ್ನ ಕೇಳಿ ಕುಣಿದಿದ್ದಾರೆ. ಅದರ ಬೇರು ಎಲ್ಲಿದೆ ಅಂತ ಕೆದಕುತ್ತಾ ಹೋದರೆ ಕೆಳಗೆ ಜಾನ್ಸನ್ ಕೂತಿದ್ದ. ರಾಗ ಅವನದು, ಹಾಡಿನ ನಡುವೆ ನಗುವ ಉಪಾಯವೂ ಅವನದು. ಪೊಲೀಸಿನವನ ಟೋಪಿ ಮಾತ್ರ ಪೆನ್‌ರೋಸನದು.

ಫೋನಿನಲ್ಲಿ ಮೊದಲ ಸಲ ಹಾಕಿದಾಗ ಬಿಸಿ ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು. ಆ ಚಿಟಪಟದ ಹಿಂದೆ, ಬಾವಿಯೊಳಗಿಂದ ಕರೆದಂತೆ ಒಂದು ಗಂಡುದನಿ. ನಮ್ಮವ್ವ ಅವರೆಕಾಯಿ ಸುಲಿಯುತ್ತಾ ಪಕ್ಕದಲ್ಲೇ ಕೂತಿದ್ದಳು. ಇಂಗ್ಲಿಷಿನ ಒಂದಕ್ಷರ ಬಾರದು. ಮೊದಲು ಅವಳಿಗೂ ನಗು ಬಂತು. ಎರಡನೇ ಸಲ ಹಾಕಿದೆ. ಮೂರನೇ ಸಲ ಹಾಕಿದಾಗ, "ಯಾರ್ಲಾ ಅವ್ನು, ಅಷ್ಟೊತ್ತಿಂದ ನಗ್ತಾವ್ನೆ, ಸುಸ್ತಾಗಲ್ವಾ ಅವ್ನಿಗೆ?" ಅಂದಳು. ಪದವೀಧರನಾದ ನನಗೆ ಹೊಳೆಯದ ಪ್ರಶ್ನೆ. ಈ ಬರಹ ಅಲ್ಲಿಂದ ಶುರುವಾಯಿತು.

ಜಾನ್ಸನ್ ಹುಟ್ಟಿದ್ದು 1846ರಲ್ಲಿ, ವರ್ಜೀನಿಯಾದಲ್ಲಿ. ಅಪ್ಪ ಗುಲಾಮ, ಅವನಿಗೆ ಬಿಡುಗಡೆ ಸಿಕ್ಕಿದ್ದು 1853ರಲ್ಲಿ. ಹುಡುಗನನ್ನ ಲೌಡನ್ ಜಿಲ್ಲೆಯ ಅನುಕೂಲಸ್ಥ ಬಿಳಿಯ ರೈತನೊಬ್ಬನ ಮಗನಿಗೆ ಜೊತೆಗಾರನಾಗಿ ಬಿಟ್ಟಿದ್ದರು. ಜೊತೆಗಾರ ಅಂದರೆ ಗೊತ್ತಲ್ಲ, ಆಟಕ್ಕೂ ಅವನೇ, ಊಳಿಗಕ್ಕೂ ಅವನೇ. ಸಣ್ಣ ಧಣಿಯ ಜೊತೆ ಇದ್ದೂ ಇದ್ದೂ ಸಂಗೀತ ಕಿವಿಗೆ ಬಿತ್ತು, ಓದು ಬರಹವೂ ಕೈಗೆ ಹತ್ತಿತು. ವರ್ಜೀನಿಯಾದಲ್ಲಿ ಕಪ್ಪು ಮಕ್ಕಳಿಗೆ ಶಾಲೆ ನಡೆಸುವುದನ್ನ ಕಾನೂನೇ ತಡೆದಿದ್ದ ಕಾಲ ಅದು. ಅಂಥ ಕಾಲದಲ್ಲಿ ಅಕ್ಷರ ಅವನಿಗೆ ಕದ್ದ ಬೆಲ್ಲದ ಹಾಗೆ ಸಿಕ್ಕಿತು. ಅಕ್ಷರ ಕಲಿತೂ ಅವನು ಮಾಡಿದ್ದು ಕೂಲಿಯನ್ನೇ. ಅಂತರ್ಯುದ್ಧ ಮುಗಿದು, ಗುಲಾಮಗಿರಿ ಕಾಗದದ ಮೇಲೆ ಸತ್ತು, 1870ರ ದಶಕದ ಕೊನೆಯ ಹೊತ್ತಿಗೆ ನ್ಯೂಯಾರ್ಕಿಗೆ ಬಂದ. ಬೀದಿಯಲ್ಲಿ, ಹಡಗುಕಟ್ಟೆಯಲ್ಲಿ ನಿಂತು ಸಿಳ್ಳೆಯಲ್ಲಿ ಹಾಡು ನುಡಿಸಿ ಚಿಲ್ಲರೆ ಎತ್ತುವುದು ಕಸುಬಾಯಿತು.

ಇಲ್ಲಿ ಆ ಯಂತ್ರದ ವಿಚಾರ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಆ ಇಪ್ಪತ್ತು ಸೆಂಟಿನ ಮರ್ಮ ತಿಳಿಯೋದಿಲ್ಲ.

ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಅದನ್ನ ಆಫೀಸಿನಲ್ಲಿ ಕಾಗದ ಪತ್ರ ಹೇಳಿ ಬರೆಸೋದಕ್ಕೆ ಮಾರಬೇಕು ಅಂತ ಕಂಪನಿಗಳು ಹೊರಟವು. ವ್ಯಾಪಾರ ಕುದುರಲಿಲ್ಲ. 1889ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಾರಾಯಿ ಅಂಗಡಿಯಲ್ಲಿ ಈ ಯಂತ್ರಕ್ಕೆ ನಾಣ್ಯ ಹಾಕೋ ಪೆಟ್ಟಿಗೆ ಕಟ್ಟಿ ಇಟ್ಟರು. ಐದು ಸೆಂಟು ಹಾಕಬೇಕು, ಡಾಕ್ಟರ ಕೊಳವೆಯಂಥದ್ದನ್ನ ಕಿವಿಗೆ ಇಟ್ಟುಕೊಂಡು ಕೇಳಬೇಕು. ಜನ ಮುಗಿಬಿದ್ದರು. ಕಂಪನಿಗಳಿಗೆ ಆಗ ಅರ್ಥವಾಯಿತು, ಮನುಷ್ಯ ಕಾಸು ಬಿಚ್ಚೋದು ಕಚೇರಿ ಕಾಗದಕ್ಕಲ್ಲ, ಹಾಡಿಗೆ ಅಂತ. ಹಾಡೋರು ಬೇಕಾದರು. ಆ ಕಾಲದ ಮೇಣಕ್ಕೆ ಎಲ್ಲ ದನಿಯೂ ಹತ್ತುತ್ತಿರಲಿಲ್ಲ. ಗಟ್ಟಿ ದನಿ, ಸ್ಪಷ್ಟ ಉಚ್ಚಾರ, ಚೂಪಾದ ಸಿಳ್ಳೆ, ಇಂಥದ್ದೇ ಆಗಬೇಕು. ಬೀದಿಯ ಗದ್ದಲ ಸೀಳಿ ಕಾಸು ಎತ್ತಿದ್ದ ಜಾನ್ಸನ್ನನ ಗಂಟಲು ಆ ಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಎರಡು ಕಂಪನಿಗಳ ಏಜೆಂಟರು 1890ರ ಮೊದಲ ತಿಂಗಳುಗಳಲ್ಲೇ ಅವನನ್ನ ಕರೆದೊಯ್ದರು.

ಒಂದು ಮೇಣದ ಉರುಳೆಯಿಂದ ಸಾವಿರ ನಕಲು ತೆಗೆಯೋ ವಿದ್ಯೆ ಆಗ ಇರಲಿಲ್ಲ. ಹಾಡುವವನ ಮುಂದೆ ಮೂರೋ ನಾಲ್ಕೋ ಯಂತ್ರ, ತಗಡಿನ ಕೊಂಬುಗಳು. ಒಂದು ಸಲ ಹಾಡಿದರೆ ಮೂರೋ ನಾಲ್ಕೋ ಉರುಳೆ ತಯಾರು. ಬಿಚ್ಚು, ಹೊಸದು ಸಿಕ್ಕಿಸು, ಮತ್ತೆ ಹಾಡು, ಮತ್ತೆ ನಗು. 1895ರ ಹೊತ್ತಿಗೆ ಅವನ ಉರುಳೆಗಳು 25,000ದಿಂದ 50,000ದವರೆಗೆ ಹೋಗಿರಬಹುದು ಅಂತ ಅಂದಾಜಿದೆ. ದೇಶದಲ್ಲೇ ಹೆಚ್ಚು ಮಾರಾಟವಾದ ಹಾಡುಗಳು ಅವನವು. ಕಡಿಮೆ ಲೆಕ್ಕವನ್ನೇ ಹಿಡಿಯೋಣ, ಸಲಕ್ಕೆ ನಾಲ್ಕು ಉರುಳೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಆರು ಸಾವಿರಕ್ಕೂ ಮೇಲೆ ಸಲ ಆ ಮನುಷ್ಯ ಅದದೇ ಹಾಡಿದ್ದಾನೆ. ಇನ್ನೊಂದು ಲೆಕ್ಕ. ಸಲಕ್ಕೆ ಇಪ್ಪತ್ತು ಸೆಂಟು ಅವನಿಗೆ. ಕೇಳುವವನು ಹಾಕೋದು ಐದು ಸೆಂಟು. ನಾಲ್ಕು ಜನ ಕಿವಿಗೆ ಕೊಳವೆ ಇಟ್ಟರೆ ಅವನ ಕೂಲಿ ಮುಟ್ಟಿತು. ಐದನೆಯವನಿಂದ ಮೇಲಕ್ಕೆ, ಉರುಳೆ ಸವೆಯೋವರೆಗೆ, ಅವನ ಪಾಲು ಸೊನ್ನೆ. ಮಿಕ್ಕಿದ್ದು ಪೆಟ್ಟಿಗೆಯವರದು, ಅಂಗಡಿಯವರದು. ಗಂಟಲು ನಮ್ಮದು ಪೆಟ್ಟಿಗೆ ಅವರದು, ಇದಕ್ಕೆ ದೊಡ್ಡ ಅರ್ಥಶಾಸ್ತ್ರವೇನೂ ಬೇಕಿಲ್ಲ.

ಇನ್ನು ಹಾಡಿಗೆ ಬರೋಣ. ಅವನು ಮುಖ್ಯವಾಗಿ ಹಾಡಿದ್ದು ಎರಡು. ಒಂದು 'ಸಿಳ್ಳೆ ಹೊಡೆಯುವ ಕೂನ್'. 'ಕೂನ್' ಅನ್ನೋದು ಅಲ್ಲಿನ ಒಂದು ಕಾಡುಪ್ರಾಣಿಯ ಹೆಸರನ್ನ ಮೊಟಕು ಮಾಡಿ ಕಪ್ಪು ಜನಕ್ಕೆ ಇಟ್ಟ ಬೈಗುಳ. ಜಾತಿಯ ಹೆಸರೇ ಬೈಗುಳವಾಗೋದು ನಮಗೆ ಹೊಸತೇ? ಆ ಹಾಡು ಕಟ್ಟಿದವನು ಸ್ಯಾಮ್ ಡಿವಿಯರ್ ಅನ್ನೋ ಬಿಳಿಯ ವಾಡೆವಿಲ್ ನಟ. ವಾಡೆವಿಲ್ ಅಂದರೆ ಹಾಡು, ಕುಣಿತ, ದೊಂಬರಾಟ, ನಗೆ ಚುಟುಕ ಎಲ್ಲ ಒಂದೇ ರಾತ್ರಿ ಒಂದರ ಹಿಂದೆ ಒಂದು ತೋರಿಸೋ ಟಿಕೆಟ್ಟಿನ ಆಟ. ಅದಕ್ಕೂ ಹಿಂದಿನ ಮಿನ್‌ಸ್ಟ್ರೆಲ್ ಆಟಗಳಲ್ಲಿ ಬಿಳಿಯರು ಸುಟ್ಟ ಬಿರಡೆಯ ಮಸಿ ಮುಖಕ್ಕೆ ಬಳಿದುಕೊಂಡು ಕಪ್ಪು ಜನರನ್ನ ಅಣಕಿಸುತ್ತಿದ್ದರು. ಬರಬರುತ್ತಾ ರಂಗಕ್ಕೆ ಹತ್ತಿದ ಕಪ್ಪು ನಟರೂ ಅದೇ ಮಸಿ ಬಳಿದುಕೊಳ್ಳಬೇಕಾಯಿತು. ಬರ್ಟ್ ವಿಲಿಯಮ್ಸ್‌ನಂಥ ಮಹಾ ನಟ ಸಹ ತನ್ನ ಕಪ್ಪು ಮುಖದ ಮೇಲೆ ಕಪ್ಪು ಬಳಿದುಕೊಂಡೇ ನಿಂತ. ಕಪ್ಪು ಮನುಷ್ಯ ಕಪ್ಪು ಮನುಷ್ಯನ ವೇಷ ಹಾಕೋದು!

ಎರಡನೆಯದು 'ನಗುವ ಹಾಡು'. ಇದನ್ನ ಕಟ್ಟಿದವನು ಜಾನ್ಸನ್ನನೇ. ಒಬ್ಬ ಕಪ್ಪು ಮನುಷ್ಯ ಬೀದಿಯಲ್ಲಿ ಬರುತ್ತಿದ್ದಾನೆ. ಜನ ಅವನ ಬಣ್ಣ ಹಿಡಿದು ಆಡಿಕೊಳ್ಳುತ್ತಾರೆ, ಬಾಯಿ ಹಾಗಿದೆ ಹಿಮ್ಮಡಿ ಹೀಗಿದೆ ಅಂತ. ಅವನು ತಿರುಗಿ ಮಾತಾಡೋದಿಲ್ಲ. ನಗುತ್ತಾನೆ. ಅಷ್ಟೇ ಹಾಡು. ಹಾಡಿನ ಅರ್ಥ ತಿಳಿದ ಮೇಲೆ ನಾನು ಫೋನು ಆರಿಸಿಬಿಟ್ಟೆ. ನಮ್ಮೂರ ಜಾತ್ರೆಯಲ್ಲಿ ದೊಡ್ಡ ಮನೆಯವರ ಜಗಲಿ ಮುಂದೆ ನಮ್ಮ ದೊಡ್ಡಪ್ಪನನ್ನ ನಿಲ್ಲಿಸಿ ಕತ್ತೆ ಕೂಗಿಸೋರು. ಅವನು ಕೂಗೋನು, ಅವರು ನಗೋರು, ಅವನೂ ನಗೋನು. ಕೊನೆಗೆ ಮೊರದಲ್ಲಿ ಒಂದಿಷ್ಟು ಪುರಿ. ಮನೆಗೆ ಬಂದು ಆವತ್ತು ರಾತ್ರಿ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ನನಗೆ ಆವಾಗ ಅವನ ಮೇಲೆ ಸಿಟ್ಟಿತ್ತು, ಜಗಲಿಯ ಮೇಲೆ ಕೂತವರಿಗಿಂತ ಹೆಚ್ಚು ಸಿಟ್ಟು.

ಜಾನ್ಸನ್ನನ ನಗು ಶರಣಾಗತಿಯೋ, ತಿರುಗೇಟೋ? ಗೆಳೆಯರೊಂದಿಗೆ ಈ ವಿಚಾರವಾಗಿ ಜಗಳವೇ ಆಗಿದೆ. ತನ್ನ ಜನರ ಅವಮಾನವನ್ನ ಮಾರಿ ತಿಂದವನನ್ನ ಯಾಕೆ ಎತ್ತಿ ತರುತ್ತೀಯ ಅಂದರು. ಆ ಕಾಲ ನೋಡಿ. 1892ರಲ್ಲಿ ಐಡಾ ಬಿ. ವೆಲ್ಸ್ ಅನ್ನೋ ಕಪ್ಪು ಪತ್ರಕರ್ತೆ, ದಕ್ಷಿಣದ ಊರುಗಳಲ್ಲಿ ಗುಂಪು ಸೇರಿ ಕಪ್ಪು ಜನರನ್ನ ಕೊಲ್ಲುತ್ತಿದ್ದುದನ್ನ ಹೆಸರು ಊರು ಸಮೇತ ಅಚ್ಚು ಹಾಕಿಸುತ್ತಿದ್ದಳು. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ರೈಲಿನಲ್ಲಿ ಬಿಳಿಯರಿಗೆ ಬೇರೆ ಡಬ್ಬಿ ಕಪ್ಪು ಜನಕ್ಕೆ ಬೇರೆ ಡಬ್ಬಿ ಇದ್ದರೆ ಅದು ಸಮಾನತೆಗೆ ಭಂಗವಲ್ಲ ಅಂತ ತೀರ್ಪು ಕೊಟ್ಟಿತು. ಅದೇ ಡಬ್ಬಿಗಳ ದೇಶದಲ್ಲಿ, ಅದೇ ವರ್ಷಗಳಲ್ಲಿ, ಬಿಳಿಯರು ತಮ್ಮ ಕಿವಿಯೊಳಗೇ ಅವನ ದನಿ ಇಳಿಸಿಕೊಂಡು ನಗುತ್ತಿದ್ದರು. ಮುಟ್ಟಬಾರದು, ಆದರೆ ಅವನ ತಮಟೆ ಬೇಕು ಅನ್ನೋ ಹಾಗೆ. ನನ್ನ ಮಟ್ಟಿಗೆ ಹೇಳೋದಾದರೆ, ಬೈದವರ ಮುಂದೆ ಅಷ್ಟು ಹೊತ್ತು, ಅಷ್ಟು ಗಟ್ಟಿಯಾಗಿ ಒಬ್ಬ ಮನುಷ್ಯ ನಕ್ಕರೆ ಬೈದವರಿಗೆ ಒಳಗೊಳಗೇ ಎಲ್ಲೋ ಅಳುಕಬೇಕು. ಇದು ಬರೀ ನನ್ನ ಆಸೆಯೂ ಇರಬಹುದು. ದೊಡ್ಡಪ್ಪನನ್ನ ಕೇಳೋಣ ಅಂದರೆ ಅವನಿಲ್ಲ.

ಜಾನ್ಸನ್ನನನ್ನ ಸಂತನನ್ನಾಗಿ ಮಾಡೋ ಆಸೆ ನನಗಿಲ್ಲ. 1899ರಲ್ಲಿ ಅವನ ಜೊತೆ ಬಾಳುತ್ತಿದ್ದ ಹೆಂಗಸು ಸತ್ತಳು. ಕೊಲೆ ಆಪಾದನೆ ಇವನ ಮೇಲೆ ಬಂತು. ರೆಕಾರ್ಡಿನ ವ್ಯಾಪಾರದವರು ಇವನ ಪರ ನಿಂತರು. ಕೋರ್ಟು ನಿರಪರಾಧಿ ಅಂತ ಬಿಟ್ಟಿತು. ಆದರೆ ರೆಕಾರ್ಡಿನವರ ಬಾಯಲ್ಲಿ ಕತೆ ಬೇರೆಯಾಗಿ ಬೆಳೆಯಿತು. ಆ ನಗುವವನು ಹೆಂಡತಿಯನ್ನ ಕೊಂದು ಗಲ್ಲಿಗೇರಿದ ಅಂತ ವರ್ಷಾನುಗಟ್ಟಲೆ ಹೇಳಿಕೊಂಡರು. ಹಾಡು ಮರೆತವರೂ ನೇಣನ್ನ ಮರೆಯಲಿಲ್ಲ. ಸತ್ತ ಆ ಹೆಂಗಸಿನ ದನಿಯಂತೂ ಯಾವ ಮೇಣದಲ್ಲೂ ಉಳಿದಿಲ್ಲ.

1902ರ ಸುಮಾರಿಗೆ ಅಚ್ಚಿನಿಂದ ಉರುಳೆ ಎರಕ ಹೊಯ್ಯೋ ವಿದ್ಯೆ ಬಂತು. ಒಂದು ಸಲ ಹಾಡಿದರೆ ಸಾವಿರ ನಕಲು. ಅವನ ಗಂಟಲಿಗೆ ಬಿಡುವು ಸಿಕ್ಕಿತು, ಕೂಲಿಯೂ ನಿಂತಿತು. ಅಮೆರಿಕದಲ್ಲಿ ದನಿಮುದ್ರಿಕೆಗೆ ಕೇಂದ್ರ ಕಾನೂನಿನ ಹಕ್ಕುಸ್ವಾಮ್ಯ ಬಂದದ್ದು 1972ರಲ್ಲಿ. ಹಳೆ ಗೆಳೆಯ, ಬಿಳಿಯ ಗಾಯಕ ಲೆನ್ ಸ್ಪೆನ್ಸರ್ ತನ್ನ ಕಚೇರಿಯ ಬಾಗಿಲು ಕಾಯೋ ಕೆಲಸ ಕೊಟ್ಟ. ದೇಶಕ್ಕೇ ಹೆಚ್ಚು ಮಾರಾಟವಾದ ದನಿ ಬಾಗಿಲಲ್ಲಿ ನಿಂತಿತು.

ಈಗ ನಮ್ಮ ಕಡೆಯ ಮಾತು. ಜಾನ್ಸನ್ ಬರ್ಲಿನರ್ ಕಂಪನಿಯ ತಟ್ಟೆಗಳಿಗೂ ಹಾಡಿದ್ದ. ಆ ಕಂಪನಿಯಲ್ಲಿ ಕೆಲಸ ಕಲಿತ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡು ಮುದ್ರಿಸಿಕೊಂಡ. ಇಲ್ಲೂ ನೋಡಿ, ಯಂತ್ರದ ಮುಂದೆ ಮೊದಲು ಬಂದು ನಿಂತವರು ಮರ್ಯಾದಸ್ಥ ಮನೆತನದವರಲ್ಲ, ಕೋಠಿಯ ಹೆಣ್ಣುಮಕ್ಕಳು. ಆ ಹೊತ್ತಿಗೆ ಜಾನ್ಸನ್ನನ ಹಾಡನ್ನ ಲಂಡನ್ನಿನಲ್ಲಿ ಬರ್ಟ್ ಶೆಪರ್ಡ್ ಅನ್ನೋ ಬಿಳಿಯ ನಟ ತನ್ನದಾಗಿಸಿಕೊಂಡು ಹಾಡಿದ್ದ. ಆ ತಟ್ಟೆ ಹಡಗು ಹತ್ತಿ ಇಂಡಿಯಾಕ್ಕೆ ಬಂತು. ಗೈಸ್‌ಬರ್ಗ್ 1942ರ ತನ್ನ ನೆನಪಿನ ಪುಸ್ತಕದಲ್ಲಿ ಹೇಳುತ್ತಾನೆ, ಈ ನಗುವ ಹಾಡು ಇಂಡಿಯಾ ಒಂದರಲ್ಲೇ ಐದು ಲಕ್ಷಕ್ಕೂ ಮೇಲೆ ಹೋಯಿತು, ಬಜಾರುಗಳಲ್ಲಿ ಜನ ಗ್ರಾಮೋಫೋನಿನ ಸುತ್ತ ಕುಕ್ಕರಗಾಲಲ್ಲಿ ಕೂತು ಓಲಾಡಿ ನಗುತ್ತಿದ್ದರು ಅಂತ. ಲೆಕ್ಕ ಅವನದು, ವ್ಯಾಪಾರಿಯ ಲೆಕ್ಕ. ಇಂಡಿಯನ್ನರು ಮನಸಾರೆ ನಕ್ಕಿದ್ದನ್ನ ತಾನು ಕಂಡದ್ದು ಅಲ್ಲಿ ಮಾತ್ರ ಅಂತ ಬೇರೆ ಸೇರಿಸುತ್ತಾನೆ. ದೊರೆ ಎದುರಿಗೆ ನಿಂತರೆ ಯಾರು ತಾನೆ ಮನಸಾರೆ ನಗುತ್ತಾರೆ! ಅದಿರಲಿ, ಆ ಕುಕ್ಕರಗಾಲಿನ ಜನಕ್ಕೆ ಇಂಗ್ಲಿಷ್ ತಿಳಿಯದು. ಬೈಗುಳ ದಾರಿಯಲ್ಲೇ ಉದುರಿಹೋಗಿ ನಗು ಒಂದೇ ಬಂದು ಮುಟ್ಟಿತ್ತು, ನಮ್ಮವ್ವನಿಗೆ ಮುಟ್ಟಿದ ಹಾಗೆ. ಆದರೆ ಅದು ಬಿಳಿಯ ನಟನ ಬಾಯಿಂದ ಬಂದಿತ್ತು.

ಜಾನ್ಸನ್ ಸತ್ತದ್ದು 1914ರ ಜನವರಿಯಲ್ಲಿ, ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ, 67ನೇ ವಯಸ್ಸಿನಲ್ಲಿ. ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಅದೇ ಊರಿಗೆ ಬಂದಿಳಿದದ್ದು 1913ರ ಜುಲೈನಲ್ಲಿ. ವಿಶ್ವವಿದ್ಯಾಲಯ ಇರುವುದು ಹಾರ್ಲೆಮ್ಮಿನ ಮಗ್ಗುಲಲ್ಲೇ. ಆರು ತಿಂಗಳು ಇಬ್ಬರೂ ಒಂದೇ ಊರಿನ ಚಳಿ ಉಂಡಿದ್ದಾರೆ. ಇವರು ಪುಸ್ತಕದ ಮುಂದೆ, ಆತ ಎದೆಯ ಕಾಯಿಲೆಯ ಮುಂದೆ. ಅವರು ಕಂಡದ್ದಿಲ್ಲ, ಕೇಳಿದ್ದಿಲ್ಲ. ಆದರೂ ಆ ಎರಡು ತಾರೀಖುಗಳನ್ನ ನಾನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೆ ಒಂದು ಬರೆದಿಟ್ಟುಕೊಂಡಿದ್ದೇನೆ.

ಹೂತದ್ದು ಕ್ವೀನ್ಸ್‌ನ ಮೇಪಲ್ ಗ್ರೋವ್ ಸ್ಮಶಾನದಲ್ಲಿ. ಮೇಲೆ ಕಲ್ಲಿಲ್ಲ, ಹೆಸರಿಲ್ಲ. ತೊಂಬತ್ತು ವರ್ಷದ ಮೇಲೆ, 2004ರಲ್ಲಿ, ಟಿಮ್ ಬ್ರೂಕ್ಸ್ ಅನ್ನೋ ಸಂಶೋಧಕ ಆ ಕಾಲದ ಕಪ್ಪು ಗಾಯಕರ ಮೇಲೆ 'ಕಳೆದುಹೋದ ದನಿಗಳು' ಅನ್ನೋ ಅರ್ಥದ ಹೆಸರಿನ ದಪ್ಪ ಪುಸ್ತಕ ತಂದ. ಕೋರ್ಟಿನ ದಾಖಲೆ, ಜನಗಣತಿ, ಹಳೆ ಪತ್ರಿಕೆ ಎಲ್ಲ ಜಾಲಾಡಿದ್ದಾನೆ. ನೇಣಿನ ಕತೆ ಸುಳ್ಳು ಅಂತ ನಿಂತದ್ದು ಆ ದುಡಿಮೆಯಿಂದ. ಮರುವರ್ಷ ಬಂದ ಅದೇ ಹೆಸರಿನ ಧ್ವನಿಮುದ್ರಿಕೆಗೆ 2007ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. 2014ರಲ್ಲಿ ಅಲ್ಲಿನ ಸರ್ಕಾರಿ ಗ್ರಂಥಾಲಯ 'ನಗುವ ಹಾಡ'ನ್ನ ದೇಶದ ಕಾಪಿಡಬೇಕಾದ ದನಿಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸ್ಮಶಾನದಲ್ಲಿ ಅವನ ಹೆಸರಿನ ಫಲಕವೂ ಬಂತು. ಸತ್ತು ಸರಿಯಾಗಿ ನೂರು ವರ್ಷಕ್ಕೆ.

2022ರ ಜನವರಿ 1ರಿಂದ ಅಮೆರಿಕದ ಕಾನೂನಿನಂತೆ 1923ಕ್ಕೆ ಹಿಂದಿನ ಮುದ್ರಿಕೆಗಳು ಯಾರ ಸ್ವತ್ತೂ ಅಲ್ಲ. ಐದು ಸೆಂಟು ಹಾಕದೆ ಯಾರಾದರೂ ಕೇಳಬಹುದು. ಮೇಷ್ಟ್ರುಗಳು ತರಗತಿಯಲ್ಲಿ ಹಾಕುವುದಾದರೆ ನನ್ನದೊಂದು ಮಾತು: ಮೊದಲು ಅರ್ಥ ಹೇಳಬೇಡಿ, ಮಕ್ಕಳು ನಗಲಿ. ಆಮೇಲೆ ಹೇಳಿ. ಆಮೇಲೆ ಇನ್ನೊಂದು ಸಲ ಹಾಕಿ. ನಾನು ನಮ್ಮವ್ವನಿಗೆ ಅರ್ಥ ಹೇಳಿ ನಾಲ್ಕನೇ ಸಲ ಹಾಕಿದೆ. ಅವರೆಕಾಯಿ ಸುಲಿಯೋದು ನಿಲ್ಲಿಸಿ ಕೇಳಿದಳು. ನಗಲಿಲ್ಲ. ಹಾಡು ಮುಗಿದ ಮೇಲೆ, "ನಮ್ಮ ಭಾವ್ನೋರೂ ಹಿಂಗೇ ನಗೋರು" ಅಂದಳು, ಮತ್ತೆ ಮೊರವನ್ನ ಹತ್ತಿರಕ್ಕೆ ಎಳೆದುಕೊಂಡಳು.