ಹಾಯಿದೋಣಿ ಕಲಿಕೆ

ಎಂಜಿನ್ ಇಲ್ಲದೆ, ಹುಟ್ಟು ಹಾಕದೆ, ಗಾಳಿಯೊಂದನ್ನೇ ನೆಚ್ಚಿ ದೋಣಿಯನ್ನು ಬೇಕಾದ ಕಡೆಗೆ ನಡೆಸುವ ವಿದ್ಯೆಯ ಮೊದಲ ಹಂತ. ಕ್ರೀಡೆಯಾಗಿ ಇದಕ್ಕೆ ಸೇಲಿಂಗ್ ಎಂಬ ಹೆಸರೇ ರೂಢಿಯಲ್ಲಿದೆ. ಕಲಿಯಲು ಸಮುದ್ರವೇ ಬೇಕೆಂದಿಲ್ಲ, ಸ್ವಂತ ದೋಣಿ ಬೇಕಿಲ್ಲ, ಎಳೆಯ ವಯಸ್ಸೂ ಬೇಕಿಲ್ಲ. ಅಗಲವಾದ ಕೆರೆ ಅಥವಾ ಜಲಾಶಯ, ಹಗುರವಾದ ಪುಟ್ಟ ದೋಣಿ, ಮೋಟಾರು ದೋಣಿಯಲ್ಲಿ ಹಿಂದೆಯೇ ಬರುವ ತರಬೇತುದಾರ, ಇವಿಷ್ಟು ಸಾಕು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ರೈತ ಕುಟುಂಬದವರು. ಕಲಿತದ್ದು ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಭೋಪಾಲದಲ್ಲಿ. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿದ ಚೆನ್ನೈಯ ನೇತ್ರಾ ಕುಮನನ್ ಶುರುಮಾಡಿದ್ದು ಒಂದು ಬೇಸಿಗೆ ಶಿಬಿರದಲ್ಲಿ.

ಮೊದಲ ದೋಣಿ

ದೊಡ್ಡ ದೋಣಿಯಲ್ಲಿ ಕಲಿಯುವುದು ಸುರಕ್ಷಿತ ಎಂದು ಹಲವರು ಭಾವಿಸುತ್ತಾರೆ. ಸುರಕ್ಷಿತವೇನೋ ನಿಜ, ಆದರೆ ಕಲಿಕೆ ನಿಧಾನ. ತಳದಲ್ಲಿ ಸೀಸದ ಭಾರ ಹೊತ್ತ ಯಾಟ್ ಸಣ್ಣಪುಟ್ಟ ತಪ್ಪುಗಳನ್ನು ನುಂಗಿಕೊಂಡು ಮುಂದೆ ಸಾಗುವುದರಿಂದ, ಚುಕ್ಕಾಣಿ ಹಿಡಿದವರಿಗೆ ತಪ್ಪಾಗಿದೆ ಎಂಬುದೇ ತಿಳಿಯುವುದಿಲ್ಲ. ಡಿಂಗಿ ಎನ್ನುವ ಸಣ್ಣ ದೋಣಿ ಹಾಗಲ್ಲ. ಕೂತ ಜಾಗ ಒಂದು ಗೇಣು ಆಚೀಚೆಯಾದರೂ ವಾಲುತ್ತದೆ, ಹಗ್ಗ ಬಿಗಿಯಾದರೆ ಓಲಾಡುತ್ತದೆ, ಸಡಿಲಾದರೆ ನಿಂತುಬಿಡುತ್ತದೆ. ಆರಂಭಕ್ಕೆ ಡಿಂಗಿಯೇ ಮೇಲು ಎನ್ನಲು ಈ ಒಂದು ಗುಣ ಸಾಕು.

ಮಕ್ಕಳ ದೋಣಿಗಳಲ್ಲಿ ಆಪ್ಟಿಮಿಸ್ಟ್ ಜಗತ್ತಿನಾದ್ಯಂತ ಪ್ರಸಿದ್ಧ. ಅಮೆರಿಕದ ಫ್ಲಾರಿಡಾ ರಾಜ್ಯದ ಕ್ಲಿಯರ್‌ವಾಟರ್ ಊರಿನ ಕ್ಲಾರ್ಕ್ ಮಿಲ್ಸ್ ಇದನ್ನು 1947ರಲ್ಲಿ ರೂಪಿಸಿದರು. ಕಡಿಮೆ ಖರ್ಚಿನಲ್ಲಿ, 8 ಅಡಿ ಉದ್ದದ ಪ್ಲೈವುಡ್ ಹಾಳೆಗಳಿಂದ ಕಟ್ಟಬೇಕಾಗಿದ್ದರಿಂದ ದೋಣಿಯ ಉದ್ದ ಸುಮಾರು 2.3 ಮೀಟರಿಗೆ ನಿಂತಿತು, ಮೂತಿ ಚೂಪಾಗದೆ ಮೊಂಡಾಯಿತು. ದೋಣಿಯ ತೂಕ 35 ಕಿಲೋ. 15 ವರ್ಷದವರೆಗಿನ ಮಕ್ಕಳು ಒಬ್ಬೊಬ್ಬರೇ ಇದನ್ನು ನಡೆಸುತ್ತಾರೆ. ಆರಂಭದಲ್ಲಿ ಇಬ್ಬರನ್ನು ಒಟ್ಟಿಗೆ ಕೂರಿಸುವ ತರಬೇತುದಾರರೂ ಇದ್ದಾರೆ.

ದೊಡ್ಡವರು ಮುಂದೆ ಸಾಮಾನ್ಯವಾಗಿ ಲೇಸರ್ ದೋಣಿಗೆ ಬರುತ್ತಾರೆ. ಈಗ ಇದರ ಅಧಿಕೃತ ಹೆಸರು ಐಎಲ್‌ಸಿಎ, ಉದ್ದ 4.2 ಮೀಟರ್. ಅದೇ ದೋಣಿಗೆ 4.7, 5.7 ಮತ್ತು 7 ಚದರ ಮೀಟರಿನ ಮೂರು ಹಾಯಿಗಳು ಸಿಗುತ್ತವೆ. ಹೊಸಬರು ತೂಕ ಎಷ್ಟೇ ಇರಲಿ, ಚಿಕ್ಕ ಹಾಯಿಯಿಂದಲೇ ತೊಡಗುವುದು ಒಳ್ಳೆಯದು. ಒಂಟಿಯಾಗಿ ನೀರಿಗಿಳಿಯಲು ಅಳುಕುವವರಿಗೆ ಎಂಟರ್‌ಪ್ರೈಸ್‌ನಂಥ ಇಬ್ಬರ ದೋಣಿಗಳಿವೆ.

ಗಾಳಿ ಮತ್ತು ಹಾಯಿ

ಮೊದಲ ಪಾಠ ದಡದ ಮೇಲೆಯೇ ನಡೆಯಬೇಕು. ಗಾಳಿ ಎತ್ತಣಿಂದ ಬೀಸುತ್ತಿದೆ ಎಂಬುದನ್ನು ಕೆನ್ನೆಯಿಂದ, ಬಾವುಟದಿಂದ, ನೀರಿನ ಮೇಲಿನ ಕಿರುದೆರೆಗಳಿಂದ ಅಳೆಯಲು ಕಲಿಯದೆ ಹಗ್ಗ ಹಿಡಿದು ಪ್ರಯೋಜನವಿಲ್ಲ. ನೀರಿನ ಮೇಲೆ ಕಪ್ಪು ಮಚ್ಚೆಯೊಂದು ಸರಿದು ಬರುತ್ತಿದ್ದರೆ ಅಲ್ಲಿ ಜೋರು ಗಾಳಿಯ ಬೀಸು ಇದೆ ಎಂದರ್ಥ. ಕೆಲವೇ ಕ್ಷಣಗಳಲ್ಲಿ ಅದು ದೋಣಿಗೆ ತಾಗುತ್ತದೆ.

ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿಯಷ್ಟು ಜಾಗ ಅದಕ್ಕೆ ನಿಷಿದ್ಧ. ಆ ಕಡೆಗೇ ಹೋಗಬೇಕಾದರೆ ಅಂಕುಡೊಂಕಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು. ಓರೆಯಾಗಿ ಸಾಗುವಾಗ ದೋಣಿ ಅಡ್ಡಡ್ಡ ಜಾರಿಹೋಗದಂತೆ ತಡೆಯುವುದು ತಳದಿಂದ ನೀರಿಗೆ ಇಳಿಬಿಟ್ಟಿರುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡ್. ಅದನ್ನು ಇಳಿಸಲು ಮರೆತು ಹೊರಟವರು ಹುಲ್ಲುಕಡ್ಡಿಯಂತೆ ತೇಲುತ್ತ ಗಾಳಿ ಒಯ್ದ ಕಡೆಗೆ ಹೋಗುತ್ತಾರೆ.

ಅತ್ಯಂತ ಸುಲಭದ ದಾರಿಯೆಂದರೆ ಗಾಳಿ ಸರಿಯಾಗಿ ಪಕ್ಕದಿಂದ ಬರುವಂತೆ ಸಾಗುವುದು. ಆದ್ದರಿಂದ ತರಬೇತುದಾರರು ಗಾಳಿಗೆ ಅಡ್ಡಲಾಗಿ ಎರಡು ಬುರುಡೆಗಳನ್ನು ತೇಲಿಬಿಟ್ಟು ಅವುಗಳ ನಡುವೆ ಓಡಾಡಿಸುತ್ತಾರೆ. ಕಲಿಯುವವರ ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಈ ಗೊಂದಲ ಅರ್ಧ ದಿನದಲ್ಲಿ ಕಳೆಯುತ್ತದೆ. ಹಗ್ಗದ ಹದ ಸಿಕ್ಕುವುದು ಮಾತ್ರ ತಡ. ಹೊಸಬರಲ್ಲಿ ಹೆಚ್ಚಿನವರು ಹೆದರಿಕೆಗೆ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ಆಗ ಗಾಳಿಯ ಬಲವೆಲ್ಲ ದೋಣಿಯನ್ನು ವಾಲಿಸಲು ಖರ್ಚಾಗುತ್ತದೆ. ಹಾಯಿಯ ಮುಂದಿನ ಅಂಚು ಪಟಪಟ ಅನ್ನುವವರೆಗೆ ಹಗ್ಗ ಸಡಿಲಿಸಿ, ಆ ಸದ್ದು ನಿಲ್ಲುವಷ್ಟು ಮಾತ್ರ ಎಳೆದುಕೊಳ್ಳಬೇಕು. ಅದೇ ಹದ. ಗಾಳಿಯ ದಿಕ್ಕು ಬದಲಾಗುತ್ತಲೇ ಇರುವುದರಿಂದ ಈ ಸಡಿಲಿಸಿ ಎಳೆಯುವ ಕೆಲಸ ದೋಣಿಯಲ್ಲಿರುವಷ್ಟು ಹೊತ್ತೂ ಮುಗಿಯುವುದಿಲ್ಲ. ಗಾಬರಿಯಾದಾಗ ಹಗ್ಗವನ್ನು ಪೂರ್ತಿ ಬಿಟ್ಟುಬಿಡಬೇಕು. ಹಾಯಿ ಬಾವುಟದಂತೆ ಹಾರಾಡಿ ದೋಣಿ ನಿಲ್ಲುತ್ತದೆ. ಹಾಯಿದೋಣಿಗೆ ಇದಕ್ಕಿಂತ ಒಳ್ಳೆಯ ಬ್ರೇಕು ಇಲ್ಲ.

ಬದಿ ಬದಲಿಸುವ ಕ್ರಮಗಳು ಎರಡು. ಮೂತಿಯನ್ನು ಗಾಳಿಗೆ ಅಡ್ಡ ಹಾಯಿಸುವುದು ಟ್ಯಾಕಿಂಗ್. ನಿಧಾನವಾದರೆ ದೋಣಿ ನಡುವೆಯೇ ಗಾಳಿಗೆ ಮುಖಕೊಟ್ಟು ಸಿಕ್ಕಿಕೊಳ್ಳುತ್ತದೆ. ಹಿಂಭಾಗವನ್ನು ಗಾಳಿಗೆ ಅಡ್ಡ ಹಾಯಿಸುವುದು ಜೈಬಿಂಗ್. ಇದರಲ್ಲಿ ಬೂಮ್ ಎನ್ನುವ ಅಡ್ಡಕೋಲು ಒಂದು ಬದಿಯಿಂದ ಇನ್ನೊಂದಕ್ಕೆ ರಭಸದಿಂದ ಬೀಸಿಬರುತ್ತದೆ, ತಲೆ ತಗ್ಗಿಸದಿದ್ದರೆ ಪೆಟ್ಟು ಖಚಿತ. ಟ್ಯಾಕಿಂಗ್ ಕೈಗೆ ಹತ್ತಿದ ಮೇಲೆಯೇ ಜೈಬಿಂಗ್ ಕಲಿಸುವುದು ಪದ್ಧತಿ.

ಮಗುಚುವ ಪಾಠ

ಡಿಂಗಿ ಮಗುಚುವುದು ಅಪಘಾತವಲ್ಲ, ಕಲಿಕೆಯ ಭಾಗ. ಒಳ್ಳೆಯ ಶಾಲೆಗಳಲ್ಲಿ ಆರಂಭದ ದಿನಗಳಲ್ಲೇ ಬೇಕೆಂದು ಮಗುಚಿಸುತ್ತಾರೆ. ದೋಣಿ ಪಕ್ಕಕ್ಕೆ ಮಲಗಿದಾಗ ಅದರ ತಳದ ಕಡೆಗೆ ಈಜಿ ಬಂದು, ಹೊರಚಾಚಿರುವ ಹಲಗೆಯನ್ನು ಬುಡದಲ್ಲಿ ಹಿಡಿದು ಮೇಲೆ ಹತ್ತಿ, ದೋಣಿಯ ಅಂಚನ್ನು ಹಿಡಿದುಕೊಂಡು ಮೈಭಾರ ಹಿಂದಕ್ಕೆ ಬಿಡಬೇಕು. ಹಾಯಿಯ ಮೇಲಿನ ನೀರು ಸೋರಿದಂತೆ ಕಂಬ ಮೇಲೇಳುತ್ತದೆ. ಮೊದಲೇ ಹಾಯಿಯ ಹಗ್ಗ ಬಿಚ್ಚಿರಬೇಕು, ಇಲ್ಲವಾದರೆ ಎದ್ದ ದೋಣಿ ಮತ್ತೆ ಗಾಳಿ ತುಂಬಿಕೊಂಡು ಮಲಗುತ್ತದೆ. ನೆಟ್ಟಗಾಗದಿದ್ದರೂ ದೋಣಿಯನ್ನು ಬಿಟ್ಟು ದಡಕ್ಕೆ ಈಜಬಾರದು. ತೇಲುವ ದೋಣಿ ದೂರದಿಂದ ಕಾಣುತ್ತದೆ, ಒಂಟಿ ತಲೆ ಕಾಣುವುದಿಲ್ಲ. ಈಜು ಬರುವವರೂ ತೇಲುಜಾಕೆಟ್ ತೊಡಲೇಬೇಕು.

ಎಲ್ಲಿ, ಯಾವಾಗ

ಭಾರತದಲ್ಲಿ ಈ ಕ್ರೀಡೆಯ ಆಡಳಿತ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾದ ಕೈಯಲ್ಲಿದೆ. ಮುಂಬಯಿಯ ರಾಯಲ್ ಬಾಂಬೆ ಯಾಟ್ ಕ್ಲಬ್ 1846ರದ್ದು, ಚೆನ್ನೈಯ ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರದ್ದು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಲವು ಕ್ಲಬ್ಬುಗಳಿವೆ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಬಹುಕಾಲದಿಂದ ಅಭ್ಯಾಸ ನಡೆಸುತ್ತ ಬಂದಿದ್ದಾರೆ. ಮಂಗಳೂರು ಹೆಂಚನ್ನು ಪತ್ತೇಮಾರಿ ಎನ್ನುವ ಹಾಯಿಹಡಗುಗಳಲ್ಲಿ ಹೇರಿ ಮುಂಬಯಿಗೆ ಒಯ್ಯುತ್ತಿದ್ದ ಕರಾವಳಿಯಲ್ಲಿ ಎಂಜಿನ್ ಬಂದ ಮೇಲೆ ಹಾಯಿ ಮೂಲೆಗೆ ಸರಿಯಿತು.

ಋತು ಊರಿನಿಂದ ಊರಿಗೆ ಬೇರೆ. ಮುಂಬಯಿಯಲ್ಲಿ ಮಳೆಗಾಲ ಬಂತೆಂದರೆ ದೋಣಿಗಳನ್ನು ದಡಕ್ಕೆ ಎಳೆದಿಡುತ್ತಾರೆ. ಹೈದರಾಬಾದಿನಲ್ಲಿ ಅದೇ ಜುಲೈ ಗಾಳಿಗೆ ಸ್ಪರ್ಧೆ ನಡೆಸುತ್ತಾರೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಬೆಳಿಗ್ಗೆ ನೆಲದ ಕಡೆಯಿಂದಲೂ ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದಲೂ ಗಾಳಿ ಬೀಸುವುದು ವಾಡಿಕೆ. ಹೊಸಬರು ಅಂಜಬೇಕಾದದ್ದು ಬೆಳಗಿನ ಗಾಳಿಗೆ. ದಡದ ಬಳಿ ನೀರು ಕನ್ನಡಿಯಷ್ಟು ಶಾಂತವಾಗಿ ಕಾಣುತ್ತದೆ, ಹೋಗುವುದು ಸಲೀಸು, ಹಿಂದಿರುಗುವಾಗ ಗಾಳಿ ಎದುರು. ಗಂಟೆಗೆ 6ರಿಂದ 18 ಕಿಲೋಮೀಟರ್ ವೇಗದ ಗಾಳಿ ಕಲಿಕೆಗೆ ತಕ್ಕದ್ದು. ಬಿಳಿನೊರೆಯ ತೆರೆಗಳು ಎಲ್ಲೆಡೆ ಏಳತೊಡಗಿದರೆ ಹಿಂದಿರುಗಬೇಕು. ಗಾಳಿ ಬಂದಾಗ ತೂರಿಕೊಳ್ಳಬೇಕೆನ್ನುವುದು ಕಣದ ಮಾತು, ಕೆರೆಯದಲ್ಲ.

ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಡಿಂಗಿ ಪಠ್ಯಕ್ರಮದಲ್ಲಿ ಮೊದಲೆರಡು ಹಂತಗಳಿಗೆ ಸಾಮಾನ್ಯವಾಗಿ ಎರಡೆರಡು ದಿನ. ಅಷ್ಟರಲ್ಲಿ ದೋಣಿ ಹೊರಡಿಸಿ, ತಿರುಗಿಸಿ, ದಡಕ್ಕೆ ತರುವುದು ಬರುತ್ತದೆ. ಅದರ ಜೊತೆಗೆ ನಾಲ್ಕಾರು ಗಂಟುಗಳು, ದಾರಿಯ ನಿಯಮಗಳು. ಎಡಗಡೆಯಿಂದ ಗಾಳಿ ಪಡೆಯುವ ಹಾಯಿದೋಣಿ ಬಲಗಡೆಯಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕು; ಹಿಂದಿನಿಂದ ಬಂದು ದಾಟುವವರು ಮುಂದಿನವರಿಂದ ದೂರವಿರಬೇಕು. ಆಮೇಲೆ ಬೇಕಾದದ್ದು ನೀರಿನ ಮೇಲಿನ ತಾಸುಗಳು. ಕ್ಲಬ್ಬುಗಳ ದೊಡ್ಡ ದೋಣಿಗಳಿಗೆ ವಾರಾಂತ್ಯದಲ್ಲಿ ಹಗ್ಗ ಎಳೆಯಲು ಜನ ಕಡಿಮೆ ಬೀಳುವುದುಂಟು, ಕೇಳಿದರೆ ಸೇರಿಸಿಕೊಳ್ಳುತ್ತಾರೆ. ಮೊದಲ ಒಂದೆರಡು ವರ್ಷ ಸ್ವಂತ ದೋಣಿ ಕೊಳ್ಳುವ ಗೋಜು ಬೇಡ. ಯಾವುದು ತಮಗೆ ಹೊಂದುತ್ತದೆ ಎಂಬುದು ನಾಲ್ಕಾರು ಬಗೆಯ ದೋಣಿಗಳಲ್ಲಿ ಕೂತ ಮೇಲೆಯೇ ತಿಳಿಯುವ ವಿಷಯ.